ಅಟ್ಟದ ಕೆಳಗಿನ ಟಾಕೀಸು

ನಾನು ನೋಡಿದ ಸಿನಿಮಾಗಳಲ್ಲಿ ಮುಕ್ಕಾಲು ಪಾಲಿಗೆ ಕೊನೆಯೇ ಇಲ್ಲ. ತುರುವೇಕೆರೆಯಲ್ಲಿ ಆಟ ಬಿಡುವುದಕ್ಕೂ ದಬ್ಬೇಘಟ್ಟದ ಕಡೆಯ ಕೊನೇ ಬಸ್ಸು ಹೊರಡುವುದಕ್ಕೂ ನಡುವೆ ಹತ್ತು ನಿಮಿಷ ಇರುತ್ತಿತ್ತು. ಹತ್ತು ನಿಮಿಷ ಸಾಲದು ಎನ್ನುವುದು ನನ್ನ ಹುಟ್ಟುಗುಣ. ಅತ್ತ ನಾಯಕ ಖಳನ ಕೊರಳಪಟ್ಟಿ ಹಿಡಿಯುತ್ತಿದ್ದಂತೆ ಇತ್ತ ನಾನು ಪಕ್ಕದಲ್ಲಿದ್ದ ಅಣ್ಣನ ಅಂಗಿ ಹಿಡಿದು ಎಳೆಯುತ್ತಿದ್ದೆ.

"ಕೂತ್ಕಳ್ಲಾ, ಇನ್ನೇನು ಮುಗೀತದೆ."

"ಬಸ್ಸು ಹೋಯ್ತದೆ ಅಣ್ಣಯ್ಯಾ!"

ಏದುಸಿರು ಬಿಡುತ್ತಾ ಓಡಿಬಂದರೆ ಬಸ್ಸಿನಲ್ಲಿ ಡ್ರೈವರೇ ಇರುತ್ತಿರಲಿಲ್ಲ. ಊರು ಬರುವವರೆಗೂ ಅಣ್ಣ ಕಿಟಕಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದ.

ಮನೆಯಲ್ಲೇ ಒಂದು ಟಾಕೀಸು ಇದ್ದರೆ ಬಸ್ಸಿನ ಯೋಚನೆ ಇರುವುದಿಲ್ಲ ಎಂಬ ಆಸೆ ನನ್ನೊಳಗೆ ಕೂತಿದ್ದು ಆಗಲೇ ಇರಬೇಕು. ಅದು ಎದ್ದು ನಿಂತದ್ದು ನನಗೆ ನಲವತ್ತು ದಾಟಿದ ಮೇಲೆ, ಎರಡು ಸಾವಿರ ಇಸವಿಯ ಆಚೀಚೆ. ಅಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ, ಅಣ್ಣ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ, ಮತ್ತು ನಮ್ಮ ಮನೆ ಪಾಲಾಗಿತ್ತು.

ಪಾಲು ಮಾಡಿದ ಹಿರಿಯರು ನಡುಮನೆಗೆ ಗೋಡೆ ಎಬ್ಬಿಸಿದರು. ಕೊಬ್ಬರಿ ಕೋಣೆಗೆ ಮಾತ್ರ ಗೋಡೆ ಹಾಕಲು ಬರಲಿಲ್ಲ. ಅದನ್ನು ಅಡ್ಡಡ್ಡ ಸೀಳಿದರು. ಮೇಲಿನ ಅಟ್ಟ ಅಣ್ಣನಿಗೆ, ಕೆಳಗಿನ ಕೋಣೆ ನನಗೆ. ನನ್ನ ಪಾಲಿನ ಕಾಯನ್ನು ನಾನು ಕಿತ್ತ ಕೂಡಲೇ ಮಾರಿಬಿಡುತ್ತಿದ್ದೆ. ಕಾಯಿಯನ್ನು ಸಿಪ್ಪೆ ಸುಲಿಯದೆ, ಮಟ್ಟೆಯ ಸಮೇತ ಅಟ್ಟಕ್ಕೆ ಸುರಿದು, ಅದು ಒಳಗೊಳಗೇ ನೀರು ಕುಡಿದು, ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವವರೆಗೆ ಹನ್ನೊಂದು ತಿಂಗಳು ಕಾಯುವ ಎದೆ ನನಗಿಲ್ಲ. ಅಣ್ಣನಿಗಿತ್ತು. ಅವನು ವರ್ಷದ ಕಾಯನ್ನೆಲ್ಲ ಮೇಲಕ್ಕೆ ಹಾಕಿ, ಮರೆತವನಂತೆ ಓಡಾಡಿಕೊಂಡಿರುತ್ತಿದ್ದ.

ಅಟ್ಟದ ತಳ ಹಲಗೆಯದಲ್ಲ. ಅಡಿಕೆ ಮರದ ದಬ್ಬೆಗಳನ್ನು ಎರಡೆರಡು ಬೆರಳು ಸಂದು ಬಿಟ್ಟು ಹಾಸಿದ್ದು. ಕಾಯಿಗೆ ಕೆಳಗಿನಿಂದ ಗಾಳಿ ಆಡಬೇಕು. ಮಳೆ ಹಿಡಿದು ಕೂತರೆ ಗಾಳಿಯೂ ಸಾಲದು. ಕೆಳಗಿನ ಕೋಣೆಯಲ್ಲಿ ಮಟ್ಟೆ ಸುಟ್ಟು ಹೊಗೆ ಹಾಕಬೇಕು. ಅದಕ್ಕೂ ಹಿರಿಯರು ಅವತ್ತೇ ತೀರ್ಮಾನ ಹೇಳಿದ್ದರು: "ಮಟ್ಟೆ ಮೇಲಿನೋನು ಕೊಡ್ಬೇಕು, ಹೊಗೆ ಕೆಳಗಿನೋನು ಹಾಕ್ಬೇಕು. ಇನ್ನೊಂದ್ಸಾರಿ ಇದುಕ್ಕೆ ನಮ್ಮುನ್ನ ಕರೀಬ್ಯಾಡಿ."

ನಾನೂ ಅಣ್ಣನೂ ಮಾತು ಬಿಟ್ಟವರಲ್ಲ. ಆದರೆ ಪಾಲಾದ ಮೇಲೆ ನಮ್ಮ ಮಾತು "ಕರೆಂಟ್ ಐತಾ?" "ಬಸ್ಸು ಹೋಯ್ತಾ?" ಎನ್ನುವಲ್ಲಿಗೆ ಬಂದು ನಿಂತಿತ್ತು. ಎರಡು ಒಲೆಯಾಗಿತ್ತು, ಎರಡು ಬಾಗಿಲಾಗಿತ್ತು. ಇಬ್ಬರಿಗೂ ಸೇರಿದ್ದು ಅಂತ ಉಳಿದಿದ್ದು ಆ ಅಟ್ಟದ ಹೊಗೆ ಒಂದೇ. ಮೊದಲೆರಡು ಮಳೆಗಾಲ ಅವನು ಮಟ್ಟೆ ತಂದಿಟ್ಟ, ನಾನು ಹೊಗೆ ಹಾಕಿದೆ. ಮೂರನೆಯ ವರ್ಷ ನಾನು ಟಾಕೀಸು ಮಾಡಿದೆ.

ತಿಪಟೂರಿನಲ್ಲಿ ಮುಚ್ಚಿಹೋದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಿಂದ ಹಳೆಯ ಪ್ರೊಜೆಕ್ಟರು ಸಿಕ್ಕಿತು. ಅದರಲ್ಲಿ ಎಲ್ಲರ ಮುಖವೂ ಒಂದಿಷ್ಟು ಹಸಿರಾಗಿ, ಕಾಮಾಲೆಯಿಂದ ಎದ್ದು ಬಂದವರಂತೆ ಕಾಣುತ್ತಿತ್ತು. ಪರದೆ ಕೊಳ್ಳುವ ಬದಲು ಗೋಡೆಗೇ ಮೂರು ಸಲ ಸುಣ್ಣ ಬಳಿದೆ. ಸ್ಪೀಕರುಗಳನ್ನು ಎರಡು ಮಣ್ಣಿನ ಗುಡಾಣಗಳ ಬಾಯಿಗೆ ಕೂರಿಸಿದೆ. ಆ ಕಾಲಕ್ಕೆ ಗುಮ್ ಎನ್ನುವ ಸದ್ದು ಬೇಕೆಂದ ಬಡವರೆಲ್ಲ ಮಾಡುತ್ತಿದ್ದ ಉಪಾಯ ಅದು. ಶಾಲೆಯಲ್ಲಿ ಗುಜರಿಗೆ ಹಾಕಿದ್ದ ಬೆಂಚುಗಳನ್ನು ಹೆಡ್‌ಮಾಸ್ಟರಿಗೆ ಹೇಳಿ ತಂದು ಕಾಲು ಕಟ್ಟಿಸಿದೆ. ಎಲ್ಲ ಸರಿ. ಆದರೆ ಗುಡಾಣ ಗುಮ್ ಎಂದಾಗಲೆಲ್ಲ ಮೇಲಿನ ದಬ್ಬೆಯ ಸಂದಿನಿಂದ ಧೂಳೂ ನಾರೂ ಪ್ರೊಜೆಕ್ಟರಿನ ಮೇಲೆ ಉದುರುತ್ತಿತ್ತು. ಸಂದಿನಿಂದ ಬೆಳಕೂ ಇಳಿಯುತ್ತಿತ್ತು.

ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ, ದಬ್ಬಳದಲ್ಲಿ ಒಂದಕ್ಕೊಂದು ಹೊಲಿದು, ಇಡೀ ಸೂರಿಗೆ ಬಿಗಿದೆ. ಅದರ ಕೆಳಗೆ ಥರ್ಮಾಕೋಲು. ಬೆಳಕಿನ ಒಂದು ಎಳೆಯೂ ಬರದ ಹಾಗೆ ಮಾಡಿದೆನೆಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಹೆಂಡತಿ ಬಂದು ಮೇಲೆ ನೋಡಿದಳು.

"ಮೇಲೆ ಕಾಯಿ ಐತೆ ಕಣ್ರೀ. ಭಾವನೋರ್ನ ಒಂದು ಮಾತು ಕೇಳುದ್ರಾ?"

"ನಮ್ಮ ಕೋಣೆ, ನಮ್ಮ ಸೂರು. ಕೇಳೋದೇನು?"

"ಹೂಂ. ದಿನಾ ಬಾಗ್ಲು ಚಿಲಕ ನಾಕು ಸಲ ನೋಡೋರು ಇದೊಂದು ಯೋಚ್ನೆ ಮಾಡ್ಲಿಲ್ಲ ನೋಡಿ."

ಅವಳು ಹೇಳಿದ್ದು ನಿಜ. ಬೇಡದ್ದಕ್ಕೆಲ್ಲ ಹೆದರುವವನು ಹೆದರಬೇಕಾದ ಒಂದೇ ಒಂದು ವಿಷಯವನ್ನು ನೀಟಾಗಿ ಚೀಲದಲ್ಲಿ ಹೊಲಿದು ಮುಚ್ಚಿದ್ದೆ. ಬೇಸಿಗೆಯ ಭಾನುವಾರಗಳಲ್ಲಿ ನಾಲ್ಕಾರು ಆಟ ಆದವು. ಅತ್ತಿಗೆ ಎರಡು ಸಲ ಬಂದು ಕೂತರು. ಅಣ್ಣ ಬರಲಿಲ್ಲ, ನಾನು ಕರೆಯಲೂ ಇಲ್ಲ.

ಆಷಾಢದಲ್ಲಿ ಜಡಿಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಅಷ್ಟು ದಿನ ಒಂದೇ ಸಮ ಹನಿಯುವುದು ಅಪರೂಪ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಟಾಕೀಸು ಕೋಣೆಯ ಹೊಸ್ತಿಲ ಪಕ್ಕ, ಹೊರಗಿನ ಮಾಡಿನ ಕೆಳಗೆ, ಒಣ ಮಟ್ಟೆಯ ರಾಶಿ. ನೆನೆಯದಿರಲೆಂದು ಮೇಲೊಂದು ಗರಿಯ ತಟ್ಟಿ.

ಅಣ್ಣ ತನ್ನ ಪಾಲಿನ ಕೆಲಸ ಮುಗಿಸಿದ್ದ.

ನಾನು ಅದನ್ನು ಬಳಸಿಕೊಂಡು ಶಾಲೆಗೆ ಹೋದೆ. ಸಂಜೆ ಬಳಸಿಕೊಂಡು ಒಳಗೆ ಬಂದೆ. ಹೊಗೆ ಹಾಕುವುದೆಂದರೆ ಸೂರು ಕೀಳಬೇಕು, ಗೋಡೆ ಕಪ್ಪಾಗುತ್ತದೆ, ಟಾಕೀಸು ಮುಗಿಯುತ್ತದೆ. ಬಂದು ಕೇಳಲಿ, ಆಗ ನೋಡೋಣ ಎಂದುಕೊಂಡೆ. ಹಿರಿಯರೇ ಗೊತ್ತು ಮಾಡಿದ್ದನ್ನು ಬಾಯಿಬಿಟ್ಟು ಕೇಳುವುದು ಭಿಕ್ಷೆ ಎಂದು ಅವನು ಅಂದುಕೊಂಡಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಾದೆ. ಎಂಟು ದಿನ ಆ ರಾಶಿಯನ್ನು ಬಳಸಿಕೊಂಡು ಓಡಾಡಿದೆ. ಅಣ್ಣ ಜಗಲಿಯಲ್ಲಿ ಕೂತು, ನಾನು ಬಳಸುವುದನ್ನು ನೋಡುತ್ತಿದ್ದ.

ಒಂಬತ್ತನೆಯ ದಿನ ಕೋಣೆಯಲ್ಲಿ ವಾಸನೆ ಬಂತು. ಮುಗ್ಗಲು. ಒದ್ದೆ ಬಟ್ಟೆಯನ್ನು ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚಿದರೆ ಬರುವ ವಾಸನೆ. ಕೈಯಿಟ್ಟು ನೋಡಿದರೆ ಥರ್ಮಾಕೋಲು ಬೆವೆತಿತ್ತು. ಅದೇ ವಾರ ತರಗತಿಯಲ್ಲಿ ಆವಿಯ ಪಾಠ ಮಾಡಿದ್ದೆ.

ಆ ಮಧ್ಯಾಹ್ನ ಅಣ್ಣ ತಿಪಟೂರಿಗೆ ಹೋಗಿದ್ದಾನೆಂದು ಕೇಳಿದ್ದೆ. ಅಟ್ಟಕ್ಕೆ ಹತ್ತುವ ಏಣಿ ಅವನ ಕಡೆಯ ಜಗಲಿಯಲ್ಲಿದೆ. ಆದರೆ ಕೋಣೆಯ ಮೂಲೆಯಲ್ಲಿ, ಅಪ್ಪನ ಕಾಲದಲ್ಲಿ ಕಾಯಿ ಇಳಿಸಲು ಬಿಟ್ಟಿದ್ದ ಕಂಡಿಯೊಂದಿತ್ತು. ಬೆಂಚಿನ ಮೇಲೆ ಬೆಂಚಿಟ್ಟು, ಆ ಮೂಲೆಯ ಥರ್ಮಾಕೋಲು ಬಿಡಿಸಿ, ಚೀಲ ಕುಯ್ದು, ಕಂಡಿಯಲ್ಲಿ ತಲೆ ತೂರಿಸಿದೆ. ಉಗುರುಬಿಸಿಯಾದ, ತೇವದ ಗಾಳಿ ಮುಖಕ್ಕೆ ಬಡಿಯಿತು. ಕಣ್ಣು ಹೊಂದಿಕೊಂಡ ಮೇಲೆ ಕೈಗೆಟುಕಿದ ಕಾಯಿಯೊಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಬಲಿತು ಒಣಗಿದ್ದರೆ ಒಳಗಿನ ಉಂಡೆ ಲೊಡಕ್ ಎನ್ನುತ್ತದೆ. ಆದರೆ ಇದು ಐದೇ ತಿಂಗಳ ಕಾಯಿ. ಒಳ್ಳೆಯದನ್ನೂ ಹೇಳದು, ಕೆಟ್ಟದ್ದನ್ನೂ ಹೇಳದು. ಸುಮ್ಮನೆ ಕುಲುಕಿತು. ಇನ್ನೊಂದನ್ನು ತೆಗೆದೆ. ಅದೂ ಹಾಗೆಯೇ. ಮೂರನೆಯದಕ್ಕೆ ಕೈ ಚಾಚಿದಾಗ ಬೆರಳಿಗೆ ಏನೋ ಚೂಪಾಗಿ ತಗುಲಿತು.

ಮೊಳಕೆ. ಬೆರಳುದ್ದದ, ಬೆಳ್ಳಗಿನ ಮೊಳಕೆ. ಅದರಾಚೆ ಇನ್ನೊಂದು, ಮತ್ತೊಂದು. ಮೊಳೆತ ಕಾಯಿ ಕೊಬ್ಬರಿಯಾಗುವುದಿಲ್ಲ.

"ಯಾರ್ಲಾ ಅದು?"

ಎದುರಿನ ಏಣಿಯ ಬಾಯಲ್ಲಿ ಅಣ್ಣನ ತಲೆ ಮೂಡಿತ್ತು. ಮಳೆಗೆ ಬಸ್ಸು ಬಂದಿರಲಿಲ್ಲವಂತೆ, ಹಾಗೇ ವಾಪಸು ಬಂದಿದ್ದ. ಅವನ ತಲೆ ಆ ಕಡೆ, ನನ್ನ ತಲೆ ಈ ಕಡೆ, ನಡುವೆ ಸಾವಿರಾರು ಕಾಯಿ. ನನ್ನ ಎರಡು ಕೈಯಲ್ಲೂ ಅವನ ಕಾಯಿ. ಪಾಲಾದ ತಮ್ಮ, ಅಣ್ಣ ಇಲ್ಲದ ಹೊತ್ತಿನಲ್ಲಿ, ಕಳ್ಳಗಂಡಿಯಲ್ಲಿ ನುಸುಳಿ, ಕೈಯಲ್ಲಿ ಕಾಯಿ ಹಿಡಿದಿದ್ದಾನೆ. ಇದಕ್ಕೆ ಯಾವ ಪಂಚಾಯ್ತಿ ಏನು ತೀರ್ಮಾನ ಹೇಳುತ್ತದೆ ಎಂಬುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಕಾಲ ಕೆಳಗೆ ಬೆಂಚಿನ ಮೇಲಿನ ಬೆಂಚು ವಾಲುತ್ತಿತ್ತು.

"ನಾನೇ ಅಣ್ಣಯ್ಯಾ. ಕಾಯಿ... ನೋಡ್ತಿದ್ದೆ."

ಅವನು ನನ್ನ ಕೈಯ ಕಾಯಿಗಳನ್ನೂ ಅದರಾಚೆಯ ಮೊಳಕೆಗಳನ್ನೂ ನೋಡಿದ. ಆಮೇಲೆ ಕೇಳಿದ, "ನೋಡುದ್ಯಾ?"

"ನೋಡ್ದೆ."

"ಸರಿ. ಇಳಿ. ಬಿದ್ದೀಯ."

ಅಷ್ಟೇ. ಅವನ ತಲೆ ಮುಳುಗಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೆಳಗಿಳಿದು ಬೆಂಚಿನ ಮೇಲೆ ಕೂತೆ. ಗೋಡೆಯಾಚೆ ಅತ್ತಿಗೆಯ ದನಿ, ನನಗೆ ಕೇಳಲಿ ಎಂದೇ ಎತ್ತರಿಸಿದ್ದು: "ಹೋಗಿ ಒಂದು ಮಾತು ಕೇಳಿ ಅಂದ್ರೆ ಕೇಳಾಕಿಲ್ಲ ನೀವು. ಕಾಯೆಲ್ಲ ಗೊಬ್ರಕ್ಕೆ ಹೋಗ್ಲಿ, ನಿಮ್ ಬಿಗುಮಾನ ಉಳೀಲಿ!" ಅಣ್ಣನ ಉತ್ತರ ತಗ್ಗಿದ ದನಿಯಲ್ಲಿ ಬಂತು. "ಮಟ್ಟೆ ಇಟ್ಟಿವ್ನಿ ಕಣೇ. ಅವ್ನಿಗೆ ಕಣ್ಣಿಲ್ವಾ? ಈ ವರ್ಸ ಹೋದ್ರೆ ಹೋಗ್ಲಿ ಬುಡು. ಮುಂದುಕ್ಕೆ ಅವ್ನ ಕೋಣೆ ಮ್ಯಾಲೆ ನಾನು ಕಾಯಿ ಹಾಕಾಕಿಲ್ಲ. ಬೇರೆ ಅಟ್ಟ ಕಟ್ಕತೀನಿ."

ಬೇರೆ ಅಟ್ಟ. ಆ ಮಾತು ಬಿದ್ದ ಮೇಲೆ ನಾನು ಏನನ್ನೂ ಲೆಕ್ಕ ಹಾಕಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳಾಗುತ್ತದೆ. ಮೊದಲು ಪ್ರೊಜೆಕ್ಟರನ್ನು ಜೋಪಾನವಾಗಿ ಹೊದಿಕೆಯಲ್ಲಿ ಸುತ್ತಿ ಮಲಗುವ ಕೋಣೆಗೆ ಸಾಗಿಸಿದೆ. ಆಮೇಲೆಯೇ ಕುಡುಗೋಲು ತೆಗೆದುಕೊಂಡು ಸೂರಿಗೆ ಹಾಕಿದೆ. ವಾರಗಟ್ಟಲೆ ಹೊಲಿದದ್ದು ಹತ್ತು ನಿಮಿಷದಲ್ಲಿ ಹರಿದು ಬಿತ್ತು. ಜೊತೆಗೆ ಕಟ್ಟಿಕೊಂಡಿದ್ದ ನೀರು, ಧೂಳು, ಒಂದು ಸತ್ತ ಹಲ್ಲಿ. ಥರ್ಮಾಕೋಲನ್ನು ಆಯುತ್ತಾ ಹೆಂಡತಿ, "ನಾನೇನೂ ಅನ್ನಲ್ಲಪ್ಪ" ಎಂದಳು. ಅದನ್ನೇ ಮೂರು ಸಲ ಅಂದಳು.

ಮಟ್ಟೆ ತಂದು ನಡುವೆ ಪೇರಿಸಿ ಬೆಂಕಿ ಹಚ್ಚಿದೆ. ಭಗ್ ಎಂದು ಉರಿ ಎದ್ದಿತು. ಮೇಲೆ ಅಡಿಕೆ ದಬ್ಬೆ. ಕಾಯನ್ನು ಕೊಳೆಸಿದ್ದು ಸಾಲದೆಂದು ಈಗ ಸುಟ್ಟೇಬಿಡುತ್ತೇನೆ ಎಂದುಕೊಂಡು ನೀರಿಗೆ ತಡಕಾಡುತ್ತಿದ್ದಾಗ, ಹಿಂದಿನಿಂದ ಯಾರೋ ನನ್ನನ್ನು ಪಕ್ಕಕ್ಕೆ ನೂಕಿದರು.

"ಥೂ ನಿನ್ನ! ಹೊಗೆ ಹಾಕು ಅಂದ್ರೆ ಹೋಳಿ ಸುಡ್ತಾ ಇದ್ದೀಯಲ್ಲೋ!"

ಅಣ್ಣ ಒಂದು ಕೋಲಿನಲ್ಲಿ ಮಟ್ಟೆಗಳನ್ನು ಚದುರಿಸಿ, ಬೋರಲು ಹಾಕಿ, ಮೇಲೆ ತಾನು ತಂದ ಹಸಿ ಮಟ್ಟೆ ಜೋಡಿಸಿ ಉರಿಯನ್ನು ಅದುಮಿದ. ದಪ್ಪನೆಯ ಹೊಗೆ ನಿಧಾನವಾಗಿ ಏಳತೊಡಗಿತು. "ಎರಡು ವರ್ಸ ಹಾಕಿದ್ದೀಯ, ಇಷ್ಟೂ ನೆಪ್ಪಿಲ್ವೇನ್ಲಾ?"

"ಮೊಳಕೆ ಬಂದವೆ ಅಣ್ಣಯ್ಯಾ."

"ಕಂಡೆ. ಮಕ್ಳಿಗೆ ಆವಿ ಪಾಠ ಮಾಡ್ತೀಯಂತಲ್ಲ. ಪಾಸಾಯ್ತವಾ ಅವು?"

ಇಬ್ಬರೂ ಕಣ್ಣಲ್ಲಿ ನೀರು ಸುರಿಸುತ್ತಾ ಹೊರಗೆ ಬಂದೆವು. ಹೊಗೆಗೇ.

ಅಲ್ಲಿಂದ ಮಳೆ ನಿಲ್ಲುವವರೆಗೂ ದಿನ ಬಿಟ್ಟು ದಿನ ಹೊಗೆ ಹಾಕಿದೆ. ಆದರೆ ಅಟ್ಟದಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎನ್ನುವುದು ಕಾಯಿ ಒಡೆಯುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ. ಅಣ್ಣ ಎಂದಿನಂತೆ ಮರೆತು ಓಡಾಡಿದ. ಅವನ ಕಾಯಿಯ ಚಿಂತೆಯನ್ನು ಆರು ತಿಂಗಳು ನಾನು ಹೊತ್ತೆ. ಇಲಿ ಓಡಾಡಿದರೂ ಬೆಂಚಿನ ಮೇಲೆ ನಿಂತು ಕಿವಿ ಕೊಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಕಾಯಿ ಇಳಿಸಿದರು. ಅಂದು ನಾನು ಶಾಲೆಗೆ ರಜೆ ಹಾಕಿ, ಕೆಲಸವಿಲ್ಲದಿದ್ದರೂ ಅಂಗಳದಲ್ಲಿ ನಿಂತೆ. ಸುಲಿಯುವವರು ಸುಲಿದು ಹಾಕಿದರು, ಹೆಂಗಸರು ಕರಟ ಒಡೆದು ಉಂಡೆ ತೆಗೆದರು. ಮೊದಲ ನಾಲ್ಕೈದು ಉಂಡೆ ಚೆನ್ನಾಗಿ ಬಂದವು. ಆಮೇಲೆ ಒಂದು ಕಪ್ಪು. ಮತ್ತೆ ಎರಡು. ಅಣ್ಣ ಕೆಟ್ಟದ್ದನ್ನೆಲ್ಲ ಒಂದು ಪಕ್ಕಕ್ಕೆ ಎಸೆಯುತ್ತಿದ್ದ. ಪ್ರತಿ ಎಸೆತವನ್ನೂ ನಾನು ಎಣಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ಪಕ್ಕದ ಗುಡ್ಡೆ ಒಂದು ಮೂಟೆಯಷ್ಟಾಗಿ ನಿಂತಿತು. ಈ ಕಡೆಯದು ಅಂಗಳ ತುಂಬಿತ್ತು.

ಅಣ್ಣ ಕೆಟ್ಟ ಗುಡ್ಡೆಯನ್ನು ಚೀಲಕ್ಕೆ ತುಂಬಿ ತಂದು ನನ್ನ ಹೊಸ್ತಿಲ ಮುಂದೆ ಕುಕ್ಕಿದ. ಗೊಬ್ಬರದ ಚೀಲ, ನಾನು ಹೊಲಿದಿದ್ದ ಸೂರಿನದೇ ಒಂದು ತುಂಡು.

"ತಗೊ. ಇವು ನಿನ್ನ ಪಿಚ್ಚರ್ ನೋಡಿದ್ ಕಾಯಿ. ನಿಂಗೇ ಸೇರ್ಬೇಕು."

ನಾನು ಚೀಲವನ್ನು ಎತ್ತಿಕೊಂಡೆ. ಅವನು ಆಗಲೇ ಕೋಣೆಯೊಳಗೆ ಇಣುಕುತ್ತಿದ್ದ. "ಅದೇನದು, ಇನ್ನೂ ಮಿಸಿನ್ನು ಎತ್ತಿಟ್ಕಂಡೇ ಇದ್ದೀಯಾ? ಇವತ್ತು ಆಟ ಇಲ್ವಾ?"

ಪ್ರೊಜೆಕ್ಟರನ್ನು ಹೊದಿಕೆ ಬಿಡಿಸಿ ತಂದೆ. ಖಾಲಿ ಅಟ್ಟದ ಸಂದಿನಿಂದ ಬೆಳಕು ಗೆರೆಗೆರೆಯಾಗಿ ಇಳಿಯುತ್ತಿತ್ತು. ಗೋಡೆ ಹೊಗೆ ಹಿಡಿದು ಕಾಫಿ ಬಣ್ಣಕ್ಕೆ ತಿರುಗಿತ್ತು. ಪ್ರೊಜೆಕ್ಟರಿನ ಹಸಿರು ಆ ಬಣ್ಣಕ್ಕೆ ಬಿದ್ದು, ಮೊದಲ ಸಲ ಮನುಷ್ಯರು ಮನುಷ್ಯರ ಹಾಗೆ ಕಂಡರು. ಅಣ್ಣ ಮುಂದಿನ ಬೆಂಚಿನಲ್ಲಿ ಕಾಲು ಮಡಚಿ ಕೂತ. ಹಳೆಯ ಹೊಡೆದಾಟದ ಸಿನಿಮಾ. ನಾಯಕ ಓಡಿ ಬಂದು ಖಳನ ಕೊರಳಪಟ್ಟಿಗೆ ಕೈ ಹಾಕಿದ, ಕರೆಂಟು ಹೋಯಿತು.

ಗುಡಾಣಗಳು ಸುಮ್ಮನಾದವು. ನಾನು ಎದ್ದು ನಿಂತು, ಇನ್ನು ಸಂಜೆಯವರೆಗೂ ಬರುತ್ತದೋ ಇಲ್ಲವೋ, ನಿನಗೆ ಅಂಗಳದಲ್ಲಿ ಕೆಲಸ ಇರಬೇಕು ಎಂದು ತಡವರಿಸಿದೆ. ಅಣ್ಣ ತಿರುಗಿಯೂ ನೋಡದೆ ನನ್ನ ಅಂಗಿಯ ತುದಿ ಹಿಡಿದು ಎಳೆದ.

"ಕೂತ್ಕಳ್ಲಾ. ಬರ್ಲಿ. ಯಾವ ಬಸ್ಸು ತಪ್ಪೋಯ್ತದೆ ಈಗ?"