ಏಳು ತಂಡ ದಾಟಿದ ಹುಡುಗ

ಗೆಳೆಯರೇ, ಇವತ್ತು ಪಾಣೆಮಂಗಳೂರಿನ ಅಕ್ಕನ ಮನೆಯಲ್ಲಿ ನನ್ನ ತಲೆ ಗಿರ್ರೆಂದಿತು. ಅಕ್ಕನ ಮಗಳಿಗೆ ಸಂಬಂಧ ಬಂದಿದೆ. ಹುಡುಗನ ಹೆತ್ತವರು ಮೂಡುಬಿದಿರೆಯವರು, ಅವನು ಅಮೆರಿಕದಲ್ಲೇ ಹುಟ್ಟಿದವನು. ಅಲ್ಲಿನ ಕಾಲೇಜು ಫುಟ್‌ಬಾಲಿನಲ್ಲಿ ಕೋಚ್. ಅದೂ ಇಡೀ ತಂಡಕ್ಕಲ್ಲ, ಹಿಂದೆ ನಿಂತು ತಡೆಯುವ ನಾಲ್ಕೈದು ಜನರಿಗೆ ಮಾತ್ರ. ಹತ್ತು ವರ್ಷದಲ್ಲಿ ಏಳು ಕಾಲೇಜಿನ ತಂಡ ದಾಟಿದ್ದಾನೆ. ಇವನು ಏರಿದ್ದೋ, ಜಾರಿದ್ದೋ?

ನಿವೃತ್ತ ಹೆಡ್‌ಮಾಸ್ಟರ್ ಭಾವ ವಿಡಿಯೋ ಕಾಲ್‌ನಲ್ಲೇ ಕೇಳಿದರು: "ಏಳು ಸಲ ವರ್ಗ ಅಂದ್ರೆ ಏನೋ ತಕರಾರು ಉಂಟಲ್ಲ?"

"ಇಲ್ಲ ಅಂಕಲ್, ದೊಡ್ಡ ಕೋಚನ್ನು ತೆಗೆದ್ರೆ ನಾವೆಲ್ಲ ಹೊರಗೆ. ಅವರಿಗೆ ಬೇರೆ ಕಡೆ ಸಿಕ್ಕಿದ್ರೆ ನಮ್ಮನ್ನೂ ಕರೀತಾರೆ."

ಹೆಡ್‌ಮಾಸ್ಟರ್ ಹೋದರೆ ಟೀಚರುಗಳೂ ಹೋಗುವ ಶಾಲೆಯನ್ನು ಭಾವ ಕಂಡಿಲ್ಲ. "ಈ ಸಂಬಂಧ ಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿದ್ದು ಅಕ್ಕನಿಗೂ ಮಗಳಿಗೂ ಕೇಳಿತು. ಹುಡುಗಿಯ ಮುಖ ಬಾಡಿತು.

ಅಕ್ಕ ಬಿಡಲಿಲ್ಲ. "ಯಕ್ಷಗಾನದ ಭಾಗವತರು ಮೇಳ ಬಿಟ್ರೆ ವೇಷದವರೂ ಹಿಂದೆ ಹೋಗುದಿಲ್ವಾ? ನಿಮ್ಮ ಅಪ್ಪ ಒಂಬತ್ತು ಮೇಳ ತಿರುಗಿದವರು. ಆದ್ರೂ ನನ್ನ ಅಪ್ಪ ನನ್ನನ್ನು ಈ ಮನೆಗೆ ಕೊಡ್ಲಿಲ್ವಾ?"

ಭಾವನಿಗೆ ಬೆಳಕಾಯಿತು. ಫೋನಿಗೆ ಬಾಗಿ ಕೇಳಿದರು: "ಸರಿ ಮಾರಾಯ, ಮಳೆಗಾಲದಲ್ಲಿ ಮೇಳ ಮುಚ್ಚಿದ ಮೇಲೆ ಎಂತ ಮಾಡ್ತೀ?"

"ಮೇಳ ಅಂದ್ರೆ ಏನು ಅಂಕಲ್?"

ಭಾವ ಕುರ್ಚಿ ಎಳೆದುಕೊಂಡು ಪಾಠ ಶುರು ಮಾಡಿ ಒಂದು ಗಂಟೆಯಾಯಿತು. ಹುಡುಗಿಯ ಕೈಗೆ ಫೋನ್ ಇನ್ನೂ ಸಿಕ್ಕಿಲ್ಲ. ಹುಡುಗನನ್ನು ಒಪ್ಪಿದ್ದು ಯಾರು ಎಂಬುದೇ ಈಗ ನನ್ನ ಗೊಂದಲ.