ದೊಡ್ಡಪ್ಪನ ಕೆಮ್ಮು, ನನ್ನ ಗಂಟಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ದೊಡ್ಡಪ್ಪ ಬಾಗಿಲಾಚೆ ನಿಂತು ಕೆಮ್ಮಿದರೆ ಒಳಗಿನವರು ಏಳಬೇಕಾಗಿಲ್ಲ ಎಂದು ನಮ್ಮ ಮನೆಗೆ ಕಲಿಸಿದವನು ನಾನು.

ಚಾಮರಾಜಪೇಟೆಯ ನಮ್ಮ ಮನೆಗೆ ಕಾಲಿಂಗ್ ಬೆಲ್ ಇದೆ. ದೊಡ್ಡಪ್ಪ ಅದನ್ನು ಮುಟ್ಟಿದವರಲ್ಲ. ತರಗುಪೇಟೆಯ ಬೇಳೆ ಮಂಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದು, ಮಹಡಿ ಮೆಟ್ಟಿಲ ಮೇಲೆ ನಿಂತು ಎರಡು ಸಲ ಕೆಮ್ಮುತ್ತಿದ್ದರು. ಯಜಮಾನರು ಬಂದರು ಎಂದರ್ಥ. ದೊಡ್ಡಮ್ಮ ಟೀವಿ ಆರಿಸಿ, ಸೆರಗು ಸರಿಮಾಡಿಕೊಂಡು ಚಿಲಕ ತೆಗೆಯುತ್ತಿದ್ದರು. ನಾನೋ, ಎಲ್ಲರ ದನಿ ಕದಿಯುವವನು. ಸೊಪ್ಪಿನವಳದು, ಪುರೋಹಿತರದು, 'ನಾಳೆಯಿಂದ ಖಂಡಿತ ಓದ್ತೀನಿ' ಎನ್ನುವ ನನ್ನದೂ. ಈ ಕೆಮ್ಮನ್ನು ಬಿಡುತ್ತೇನೆಯೇ? ದಿನ ಬಿಟ್ಟು ದಿನ ಬಾಗಿಲಾಚೆ ನಿಂತು ಕೆಮ್ಮುತ್ತಿದ್ದೆ. ದೊಡ್ಡಮ್ಮ ಧಾರಾವಾಹಿ ಅರ್ಧಕ್ಕೆ ಬಿಟ್ಟು ಬಂದು, ನನ್ನ ಹಲ್ಲು ನೋಡಿ, "ಥೂ, ಕೋತಿ!" ಎನ್ನುತ್ತಿದ್ದರು. ನೆಂಟರು ಬಂದರೆ ನಡುಮನೆಯಲ್ಲೇ ಪ್ರದರ್ಶನ. ದೊಡ್ಡಪ್ಪನೂ ನಗುತ್ತಿದ್ದರು, ನಕ್ಕು ನಕ್ಕು ಕೆಮ್ಮುತ್ತಿದ್ದರು. ನಾನು ಇನ್ನಷ್ಟು ಕಲಿಯುತ್ತಿದ್ದೆ.

ಆ ಮಂಗಳವಾರ ಮೆಟ್ಟಿಲ ಮೇಲೆ ಕೆಮ್ಮಿದ್ದು ಅವರೇ.

"ಸಾಕು ಹೋಗೋ, ಇವತ್ತು ನಾನು ಏಳಲ್ಲ!" ಎಂದು ದೊಡ್ಡಮ್ಮ ಒಳಗಿನಿಂದ ಕೂಗಿ ಟೀವಿ ಜೋರು ಮಾಡಿದರು.

'ನಾನು ಕಣೇ' ಎನ್ನುವಷ್ಟು ಉಸಿರು ಆಚೆ ಇರಲಿಲ್ಲ. ಗಾಂಧಿಬಜಾರಿನಲ್ಲಿ ದೋಸೆ ತಿಂದು ಸಿಳ್ಳೆ ಹಾಕಿಕೊಂಡು ಬಂದ ನನಗೆ ಕಂಡದ್ದು, ಮೊಣಕಾಲಿಗೆ ಕೈಯೂರಿ ಮೆಟ್ಟಿಲ ಮೇಲೆ ಕೂತ ದೊಡ್ಡಪ್ಪ. ತುಟಿ ನೀಲಿಗಟ್ಟಿತ್ತು. ಒಳಗೆ ಧಾರಾವಾಹಿಯ ಅತ್ತೆ ಅಳುತ್ತಿದ್ದಳು.

ಆಸ್ಪತ್ರೆಯಲ್ಲಿ ಮೂರನೆಯ ದಿನ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಎದ್ದು ಕೂತರು. ಡಾಕ್ಟರಮ್ಮ ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. ಮಂಡಿಯಲ್ಲಿ ದೊಡ್ಡಪ್ಪನ ಕೆಲಸವೇ ಊದುವುದು. ಅಂಗೈ ತುಂಬ ಬೇಳೆ, ಒಂದು ಊದು, ಹೊಟ್ಟು ಹಾರಿ ಉಳಿದದ್ದನ್ನು ನೋಡಿ ದರ ಹೇಳುತ್ತಿದ್ದರು. ಆದರೆ ಊದುವ ಮೊದಲು ಎಳೆದುಕೊಳ್ಳಬೇಕಲ್ಲ! ಹೊಟ್ಟು ಹೊರಗೆ ಹೋಯಿತು, ಧೂಳು ಒಳಗೆ ಹೋಯಿತು. ಈಗ ಕೊಳವೆಯ ಮುಳ್ಳು ಅಲುಗಿದ ಹಾಗೆ ಮಾಡಿ ನಿಂತಿತು.

"ಯಾವಾಗಿಂದ ಹೀಗಿದೆ?"

"ಒಂದು ವಾರ," ಎಂದರು ದೊಡ್ಡಪ್ಪ.

"ಅವರ ಕೆಮ್ಮು ಯಾವಾಗ್ಲೂ ಹಾಗೇ ಡಾಕ್ಟ್ರೇ," ಎಂದರು ದೊಡ್ಡಮ್ಮ.

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? "ಬೇಕಿದ್ರೆ ನಾನು ಕೆಮ್ಮಿ ತೋರಿಸ್ಲಾ, ಮೇಡಂ?"

"ತೋರಿಸಿ," ಎಂದರು ಡಾಕ್ಟರಮ್ಮ. ನಗಲಿಲ್ಲ.

ಹೋದ ವರ್ಷದ್ದು ಕೆಮ್ಮಿದೆ, ಒಣಗಿದ್ದು. ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಶ್ವಾಸಕೋಶದ ಗೊಂಬೆಯಲ್ಲಿ ಗಂಟಲ ಮೇಲೆ ಬೆರಳಿಟ್ಟರು. ದಸರಾ ನಂತರದ್ದು ಕೆಮ್ಮಿದೆ, ಕಫ ಗೊರಗುಟ್ಟುವುದು. ಬೆರಳು ಶ್ವಾಸನಾಳದಲ್ಲಿ ಇಳಿಯಿತು. ಕೊನೆಯದರ ಬಾಲದಲ್ಲಿ ಸಣ್ಣ ಸಿಳ್ಳೆಯಿತ್ತು. ಬೆರಳು ನಾಳ ಎರಡಾಗಿ ಒಡೆಯುವ ಕಡೆಯನ್ನು ದಾಟಿ, ಕವಲು ಕವಲಾಗಿ ಎಳೆಯಷ್ಟು ತೆಳುವಾಗುವ ಕಡೆಗೆ ಹೋಗಿ ನಿಂತಿತು. ತಲೆಕೆಳಗು ಮಾಡಿದ ಮರದ ಹಾಗಿತ್ತು ಅದು. ಮಿಮಿಕ್ರಿಯವನ ವ್ಯಾಪಾರ ಧ್ವನಿಪೆಟ್ಟಿಗೆಗೇ ಮುಗಿಯುತ್ತದೆ. ಅದರ ಕೆಳಗೆ ಇಷ್ಟು ದೊಡ್ಡ ಸಂಸಾರ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

"ಈ ಸಣ್ಣ ಕವಲುಗಳು ಬಿಗಿದುಕೊಂಡ್ರೆ ಆ ಸಿಳ್ಳೆ ಬರುತ್ತೆ. ತುದೀಲಿರೋ ಗಾಳಿಗೂಡುಗಳಿಗೆ ಉಸಿರು ಸರಿಯಾಗಿ ಹೋಗಿ ಬರಲ್ಲ. ಇದು ಯಾವಾಗ ಶುರುವಾಗಿದ್ದು?"

"ಯುಗಾದಿ ದಿನ. ಹೋಳಿಗೆ ತಿಂತಾ ಇದ್ರು. ಅವತ್ತೇ ಕಲಿತ್ಕೊಂಡೆ."

"ಆಗಲೇ ಕರ್ಕೊಂಡು ಬರಬೇಕಿತ್ತು. ಈಗ ಔಷಧಿ ಕೊಡ್ತೀನಿ, ಹೋಗಿರೋದೆಲ್ಲಾ ವಾಪಸ್ ಬರಲ್ಲ. ಮಂಡಿ ಕೆಲಸ ಸಾಕು."

ದೊಡ್ಡಮ್ಮ ಗೋಡೆ ನೋಡುತ್ತಿದ್ದರು. ಯಾರದೋ ದನಿಯಲ್ಲಿ ತಪ್ಪಿಸಿಕೊಳ್ಳೋಣವೆಂದರೆ ಆಗ ನನ್ನದೇ ಬಂತು. "ತಮಾಷೆಗೆ ಮಾಡ್ತಿದ್ದೆ ದೊಡ್ಡಪ್ಪ, ನಂಗೇನು ಗೊತ್ತಿತ್ತು?"

ದೊಡ್ಡಪ್ಪ ಎರಡು ಉಸಿರು ಕೂಡಿಸಿಕೊಂಡರು.

"ಯುಗಾದಿಯಿಂದ ಗೊತ್ತಿತ್ತಲ್ಲೋ ನಿಂಗೆ. ಮನೆಗೆ ಬಂದೋರ್ಗೆಲ್ಲಾ ತೋರಿಸ್ದೆ. ಡಾಕ್ಟ್ರಿಗೆ ಮಾತ್ರ ಇವತ್ತು ತೋರಿಸ್ದೆ."