ಸೀದ ತುಪ್ಪ

ನಮ್ಮ ಟ್ಯೂಷನ್ ಮಿಸ್ ತಿದ್ದಿದ ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದರೆ ಹಾಳೆಯ ಆಚೆಗಿನ ಕಿಟಕಿಯೂ ಕಾಣುತ್ತಿತ್ತು. ಅವರ ಬಲಗೈ ತೋರುಬೆರಳಿಗೆ ಸದಾ ತುಪ್ಪದ ಜಿಡ್ಡು. ಮಾರೇನಹಳ್ಳಿಯ ಆ ಮನೆಯಲ್ಲಿ ವಿಜ್ಞಾನದ ಪಾಠ ನಡೆಯುತ್ತಿದ್ದುದು ಅಡುಗೆಮನೆ ಬಾಗಿಲಲ್ಲಿ, ಒಲೆಯ ಮೇಲೆ ಬೆಣ್ಣೆ ಕಾಯುತ್ತಿರುವಾಗಲೇ.

ಗಟ್ಟಿ ತುಪ್ಪವನ್ನು ಕರಗಿಸಿ ಕೇಳುವರು, "ವಾಪಸ್ ಬರತ್ತಾ?"

"ಬರತ್ತೆ ಮಿಸ್!"

ಹಾಲಿಗೆ ಹೆಪ್ಪು ಹಾಕಿ, "ಇದು?"

"ಬರಲ್ಲ ಮಿಸ್!"

ನನ್ನ ಮಾರ್ಕ್ಸ್ ಕಾರ್ಡ್ ನೋಡಿದಾಗಲೂ ಅದೇ: "ಈ ತಲೆ ವಾಪಸ್ ಬರತ್ತೇನೋ?"

ನನಗಿದ್ದ ಒಂದೇ ವಿದ್ಯೆ ಇನ್ನೊಬ್ಬರ ದನಿ. ಸ್ವಂತ ದನಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲವಲ್ಲ. ಮಿಸ್ ಅವರ ಯಜಮಾನರು ಗೇಟಿನಲ್ಲೇ ಎರಡು ಸಲ ಕೆಮ್ಮಿ, "ಏನೇ, ಕಾಫಿ ಇದ್ಯೋ, ನಾಳೆ ಬರ್ಲೋ?" ಎನ್ನುತ್ತಿದ್ದರು. ಅದನ್ನು ಎಷ್ಟು ಚೆನ್ನಾಗಿ ಕದ್ದೆನೆಂದರೆ ಮಿಸ್ ಲೋಟ ಹಿಡಿದೇ ಹೊರಗೆ ಬಂದು, "ಥೂ, ನೀನಾ ಮಂಗ!" ಎಂದು ಆ ಕಾಫಿಯನ್ನು ನನಗೇ ಕೊಡುತ್ತಿದ್ದರು. ನಾನು ನಾಗರಬಾವಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಈ ಕಾಫಿ ನಿಲ್ಲಲಿಲ್ಲ. "ನನಗಿಂತ ನೀನೇ ಚೆನ್ನಾಗಿ ಕೆಮ್ತೀಯ ಕಣೋ," ಎಂದು ಯಜಮಾನರೂ ನಗುವರು.

ಯಜಮಾನರು ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಸಂಜೆ ಹೋದೆ. ಗೇಟು ಕಿರ್ ಎಂದದ್ದೇ ತಡ, ಗಂಟಲು ಹಳೆಯ ಚಾಳಿಯಲ್ಲಿ ಎರಡು ಸಲ ಕೆಮ್ಮಿತು. "ಏನೇ, ಕಾಫಿ ಇದ್ಯೋ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ.

ಮಿಸ್ ಸೌಟು ಹಿಡಿದು ಓಡಿ ಬಂದರು. ಆ ಒಂದು ಕ್ಷಣದ ಅವರ ಮುಖವನ್ನು ಮಾತ್ರ ನಾನು ಯಾರಿಗೂ ಮಾಡಿ ತೋರಿಸಲಾರೆ. ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೈಯಲಿಲ್ಲ. ಒಳಗಿನಿಂದ ಸೀದ ವಾಸನೆ ಬಂದರೂ ಕದಲಲಿಲ್ಲ. ನಾನೇ ಓಡಿ ಒಲೆ ಆರಿಸಿದೆ. ತುಪ್ಪ ಕರ್ರಗಾಗಿತ್ತು.

"ಬಿಡು," ಎಂದರು ಹಿಂದಿನಿಂದ. "ಅದು ವಾಪಸ್ ಬರಲ್ಲ."

ನಾಚಿಕೆಯಿಂದ ವಾರಗಟ್ಟಲೆ ಆ ಬೀದಿಗೇ ಹೋಗಲಿಲ್ಲ. ಕೊನೆಗೆ ಅವರೇ ಫೋನ್ ಮಾಡಿ ಕರೆಸಿದರು. ಕಾಫಿ ಕೊಟ್ಟು, ಸೆರಗಿನಲ್ಲಿ ಬೆರಳು ಒರೆಸುತ್ತ, "ಇನ್ನೊಂದ್ಸಲ ಕರೀತೀಯೇನೋ? ಅವತ್ತು ಪೂರ್ತಿ ಕೇಳಿಸ್ಲಿಲ್ಲ," ಎಂದರು.

"ಗಂಟಲು ಸರಿ ಇಲ್ಲ ಮಿಸ್."

ಸುಳ್ಳು. ಮತ್ತೆ ಆ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ.

"ಸರಿ, ಇನ್ನೊಂದ್ ದಿನ," ಎಂದು ತುಪ್ಪದ ಬಾಟಲಿಯೊಂದನ್ನು ಕೈಗಿಟ್ಟರು.

ಆ ಇನ್ನೊಂದು ದಿನ ಬರುವ ಮೊದಲೇ, ಮಾಗಿಯ ಚಳಿಯಲ್ಲಿ ಮಿಸ್ಸೂ ತೀರಿಕೊಂಡರು. ಆ ಬಾಟಲಿ ನಮ್ಮ ಕಪಾಟಿನಲ್ಲಿ ಈಗಲೂ ಬೆಳಿಗ್ಗೆ ಗಟ್ಟಿಯಾಗುತ್ತದೆ, ಮಧ್ಯಾಹ್ನ ಕರಗುತ್ತದೆ. ನಾನಿನ್ನೂ ಅದಕ್ಕೆ ಚಮಚ ಹಾಕಿಲ್ಲ.

ಮೊನ್ನೆ ಆ ಗೇಟಿನ ಮುಂದೆ ನಿಂತು ಎರಡು ಸಲ ಕೆಮ್ಮಿದೆ. "ಏನೇ, ಕಾಫಿ ಇದ್ಯೋ, ನಾಳೆ ಬರ್ಲೋ?" ಈ ಸಲ ಪೂರ್ತಿ ಹೇಳಿದೆ. ಮಹಡಿಯ ಬಾಡಿಗೆಮನೆ ಆಂಟಿ ಬಗ್ಗಿ ನೋಡಿ ಕೇಳಿದರು:

"ಯಾರ್ ಬೇಕಿತ್ತಪ್ಪಾ?"